ಬಾಣ ಎಲ್ಲಿಂದ ಹೊರಟಿತು?

ಚುನಾವಣೆಯ ಅಂಕಿ ಓದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಚಿತ್ರ ಬರೆದಿದ್ದೆ. ಹಳೆಯ ಎಡಪಕ್ಷವೊಂದರ ಮತ ಎಂಟು ಪಾಯಿಂಟ್ ಇಳಿದಿತ್ತು. ಹೊಸದಾಗಿ ಎದ್ದ ಪಾಪ್ಯುಲಿಸ್ಟ್ ಪಕ್ಷದ ಮತ ಹೆಚ್ಚುಕಡಿಮೆ ಅಷ್ಟೇ ಏರಿತ್ತು. ಎರಡು ಚೌಕ ಬರೆದೆ. ಒಂದರಿಂದ ಇನ್ನೊಂದಕ್ಕೆ ದಪ್ಪನೆಯ ಬಾಣ ಎಳೆದೆ. ಮೇಲೆ ‘ಕಾರ್ಮಿಕರ ವಲಸೆ’ ಅಂತ ಶೀರ್ಷಿಕೆ ಬೇರೆ.

ನಮ್ಮ ಹಿರಿಯರೊಬ್ಬರು ಅದನ್ನು ನೋಡಿದರು. “ಅಂಕಿ ಎರಡೂ ಸರಿ ಇವೆ. ಈ ಬಾಣ ಎಲ್ಲಿಂದ ತಂದ್ರಿ?” ಅಂದರು.

“ಇಲ್ಲಿ ಎಂಟು ಇಳಿದಿದೆ, ಅಲ್ಲಿ ಎಂಟು ಏರಿದೆ ಅಲ್ವಾ ಸಾರ್?”

“ನಿಮ್ಮ ಪರ್ಸ್ ಕಳೆದ ದಿನವೇ ಪಕ್ಕದ ಮೇಜಿನವರು ಹೊಸ ಪರ್ಸ್ ತಂದರೆ, ಅವರೇ ಕದ್ದರು ಅಂತೀರಾ?”

ಬಾಣ ಅಳಿಸಿದೆ. ಆದರೆ ಅಂಥದ್ದೇ ಬಾಣಗಳು ಇವತ್ತಿಗೂ ಟಿವಿಯಲ್ಲಿ, ಪತ್ರಿಕೆಯಲ್ಲಿ ಹಾರಾಡುತ್ತಲೇ ಇವೆ. ಪಾಪ್ಯುಲಿಸಂ ಪಕ್ಷಗಳನ್ನೂ ಮತದಾರರನ್ನೂ ಹೇಗೆ ಹೊಸದಾಗಿ ಜೋಡಿಸುತ್ತಿದೆ ಅನ್ನುವ ಮಾತು ಬಂದಾಗಲೆಲ್ಲ ಜನ ನೋಡುವುದು ಒಂದೇ ಅಂಕಿ: ಆ ಪಕ್ಷಕ್ಕೆ ಎಷ್ಟು ಬಂತು? ನನ್ನ ಕಣ್ಣು ಹೋಗುವುದು ಬೇರೆ ಎರಡು ಕಡೆ. ಆ ಮತ ಯಾವ ದಾರಿಯಲ್ಲಿ ಬಂತು? ಅದು ಬಂದ ಮೇಲೆ ಉಳಿದ ಪಕ್ಷಗಳಲ್ಲಿ ಯಾರು ಯಾರ ಪಕ್ಕ ಕೂರಬೇಕಾಯಿತು?

ಮೊದಲು ಪದದ ತಕರಾರು ಮುಗಿಸಿಬಿಡೋಣ. ಕನ್ನಡದಲ್ಲಿ ಪಾಪ್ಯುಲಿಸಂ ಅಂದರೆ ‘ಜನಪ್ರಿಯ ಘೋಷಣೆ’, ಅಂದರೆ ಬಜೆಟ್‌ನಲ್ಲಿ ಧಾರಾಳವಾಗಿ ಹಂಚುವುದು ಅಂತ ಬಳಕೆಯಾಗಿಬಿಟ್ಟಿದೆ. ನಾನು ಹೇಳುತ್ತಿರುವುದು ಅದಲ್ಲ. ‘ಒಂದು ಕಡೆ ಒಳ್ಳೆಯ ಜನ, ಇನ್ನೊಂದು ಕಡೆ ಕೆಟ್ಟ ಗಣ್ಯರು. ಜನರ ಮನಸ್ಸು ಏನು ಅಂತ ನಮಗೊಬ್ಬರಿಗೇ ಗೊತ್ತು’ ಅನ್ನುವ ರಾಜಕೀಯ ಪಾಪ್ಯುಲಿಸಂ. ಅದು ಎಡಕ್ಕೂ ಅಂಟಿಕೊಳ್ಳುತ್ತದೆ, ಬಲಕ್ಕೂ ಅಂಟಿಕೊಳ್ಳುತ್ತದೆ. ಆ ಅಂಟೇ ಇಲ್ಲಿ ಮುಖ್ಯ.

ನೂರು ಜನರ ಒಂದು ಊರು ಅಂದುಕೊಳ್ಳಿ. ಹೋದ ಸಲ 40 ಮಂದಿ ಎಡಪಕ್ಷಕ್ಕೆ, 35 ಮಂದಿ ಬಲಪಕ್ಷಕ್ಕೆ ಮತ ಹಾಕಿದರು. 25 ಮಂದಿ ಮನೆಯಲ್ಲೇ ಉಳಿದರು. ಈ ಸಲ ಎಡಕ್ಕೆ 32, ಬಲಕ್ಕೆ 35, ಹೊಸ ಪಕ್ಷಕ್ಕೆ 8. ಮನೆಯಲ್ಲಿ ಉಳಿದವರು ಮತ್ತೆ 25. ಎಂಟು ಮಂದಿ ಎಡದಿಂದ ನೆಟ್ಟಗೆ ಹೊಸ ಪಕ್ಷಕ್ಕೆ ಹೋದರು ಅನ್ನಿಸುತ್ತದೆ, ಅಲ್ವಾ? ಆದರೆ ಎಡಪಕ್ಷದ ಎಂಟು ಮಂದಿ ಬೇಸತ್ತು ಮನೆಯಲ್ಲಿ ಕೂತಿರಬಹುದು. ವರ್ಷಗಟ್ಟಲೆ ಮತಗಟ್ಟೆಯ ಮುಖ ನೋಡದ ಬೇರೆ ಎಂಟು ಮಂದಿ ಎದ್ದು ಬಂದಿರಬಹುದು. ಮೊತ್ತ ಒಂದೇ, ಕತೆ ಬೇರೆ. ಮೊದಲನೆಯದು ನಿಜವಾದರೆ ಎಡಪಕ್ಷ ಹೊಸ ಪಕ್ಷದ ಮಾತನ್ನೇ ಆಡಿ ಜನರನ್ನು ವಾಪಸ್ ಕರೆಯಲು ನೋಡುತ್ತದೆ. ಎರಡನೆಯದು ನಿಜವಾದರೆ ಆ ತಂತ್ರದಿಂದ ಯಾರೂ ವಾಪಸ್ ಬರುವುದಿಲ್ಲ. ಕೂತವರು ಕೂತೇ ಇರುತ್ತಾರೆ.

ಇದನ್ನು ಬಿಡಿಸಲು ಒಂದೇ ಗುಂಪಿನ ಜನರನ್ನು ಚುನಾವಣೆಯಿಂದ ಚುನಾವಣೆಗೆ ಮತ್ತೆ ಮತ್ತೆ ಕೇಳುವ ಸಮೀಕ್ಷೆ ಬೇಕು. ‘ಹೋದ ಸಲ ಯಾರಿಗೆ ಹಾಕಿದ್ರಿ?’ ಅಂತ ಐದು ವರ್ಷ ಬಿಟ್ಟು ಕೇಳಿದರೆ ಉಪಯೋಗ ಕಡಿಮೆ. ಸುಳ್ಳು ಹೇಳುತ್ತಾರೆ ಅಂತಲ್ಲ, ಮರೆತಿರುತ್ತಾರೆ. ಗೆದ್ದವರಿಗೇ ಹಾಕಿದ್ದೆ ಅಂತ ನಂಬಿಕೊಳ್ಳುವವರು ಪ್ರತಿ ಸಲವೂ ಒಂದಷ್ಟು ಮಂದಿ ಇದ್ದೇ ಇರುತ್ತಾರೆ. ಮತ ಹಾಕದವರಲ್ಲೂ ಹಲವರು ಹಾಕಿದ್ದೆ ಅಂತ ಹೇಳುತ್ತಾರೆ.

ಈಗ ನಿಜವಾದ ಒಂದು ಊರು. ಇಂಗ್ಲೆಂಡಿನ ಬೋಲ್ಸೋವರ್ ಕ್ಷೇತ್ರ ಹಳೆಯ ಕಲ್ಲಿದ್ದಲು ಗಣಿಗಳ ಸೀಮೆ. ಗಣಿಯಲ್ಲಿ ದುಡಿದಿದ್ದ ಡೆನಿಸ್ ಸ್ಕಿನ್ನರ್ 1970ರಿಂದ ಅಲ್ಲಿ ಎಡದ ಲೇಬರ್ ಪಕ್ಷದ ಸಂಸದರಾಗಿದ್ದರು. 2015ರಲ್ಲಿ ಅವರು ಗೆದ್ದ ಅಂತರ 11,778 ಮತ. 2017ರಲ್ಲಿ 5,288. 2019ರಲ್ಲಿ ಅವರೇ ಸೋತರು. ಬಲದ ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿ 5,299 ಮತಗಳಿಂದ ಗೆದ್ದರು. ಇಷ್ಟೇ ನೋಡಿದರೆ ಕೋಟೆ ನಿಧಾನವಾಗಿ ಕುಸಿದು ಬಿತ್ತು ಅನ್ನಿಸುತ್ತದೆ.

ಆದರೆ ನಡುವಿನ ಚುನಾವಣೆಯನ್ನು ನೋಡಿ. 2017ರಲ್ಲಿ ಸ್ಕಿನ್ನರ್ ಅವರ ಮತ ಪ್ರಮಾಣ ಇಳಿಯಲೇ ಇಲ್ಲ. ಎರಡೂ ಸಲ ಅರ್ಧಕ್ಕಿಂತ ತುಸು ಜಾಸ್ತಿಯೇ ಇತ್ತು. ಹಾಗಾದರೆ ಅಂತರ ಅರ್ಧಕ್ಕಿಂತ ಕೆಳಗೆ ಇಳಿದದ್ದು ಹೇಗೆ? 2015ರಲ್ಲಿ, ಐರೋಪ್ಯ ಒಕ್ಕೂಟ ಬಿಡಬೇಕು ಅನ್ನುತ್ತಿದ್ದ ಪಾಪ್ಯುಲಿಸ್ಟ್ ಪಕ್ಷ ಯುಕಿಪ್‌ಗೆ ಅಲ್ಲಿ ಐದನೇ ಒಂದು ಭಾಗ ಮತ ಸಿಕ್ಕಿತ್ತು. ಎರಡು ವರ್ಷ ಬಿಟ್ಟು ಅದು ಶೇ 5ಕ್ಕಿಂತ ಕೆಳಗಿಳಿಯಿತು. ಕಾಲು ಭಾಗದಲ್ಲಿದ್ದ ಕನ್ಸರ್ವೇಟಿವ್ ಪಕ್ಷ ಶೇ 40 ದಾಟಿತು. ನಡುವೆ 2016ರ ಜನಮತಗಣನೆ ಬಂದಿತ್ತು. ಬೋಲ್ಸೋವರ್ ಜಿಲ್ಲೆಯಲ್ಲಿ ಹತ್ತರಲ್ಲಿ ಏಳು ಮಂದಿ ಐರೋಪ್ಯ ಒಕ್ಕೂಟ ಬಿಡೋಣ ಅಂದಿದ್ದರು. ಲೇಬರ್‌ನ ಸ್ವಂತ ಮತ ಕರಗಿದ್ದು ಅದಾದ ಮೇಲೆ, 2019ರಲ್ಲಿ.

ನಾನೂ ಇಲ್ಲಿ ಒಂದು ಬಾಣ ಎಳೆಯುತ್ತಿದ್ದೇನೆ, ನಿಜ. ಕ್ಷೇತ್ರದ ಮೊತ್ತದಿಂದ ಒಬ್ಬೊಬ್ಬರ ಮನಸ್ಸು ತಿಳಿಯುವುದಿಲ್ಲ. ಆದರೆ ನಾನು ಎಳೆಯುವ ಬಾಣಕ್ಕೆ ನಡುವೆ ಒಂದು ತಂಗುದಾಣವಿದೆ. ತಲೆಮಾರುಗಳಿಂದ ಲೇಬರ್ ಆಗಿದ್ದ ಮನೆಯವನಿಗೆ ಕನ್ಸರ್ವೇಟಿವ್ ಹೆಸರಿನ ಮುಂದೆ ಪೆನ್ಸಿಲಿನಿಂದ ಗುಣಾಕಾರ ಗುರುತು ಹಾಕುವುದು ಸುಲಭವಲ್ಲ. ಅಪ್ಪ ಜೀವಮಾನವೆಲ್ಲ ಬೈದ ಪಕ್ಷ ಅದು. ಯುಕಿಪ್‌ನಂಥ ಪಕ್ಷಕ್ಕೆ ಅಂಥ ಹೊರೆ ಇಲ್ಲ. ಮೊದಲು ಅಲ್ಲಿ ಒಂದು ರಾತ್ರಿ ತಂಗಬಹುದು. ಹಳೆಯ ನಂಟು ಹರಿಯುವುದು ಆ ರಾತ್ರಿಯೇ. ಆಮೇಲೆ ಎಲ್ಲಿಗೆ ಹೋದರೂ ಅಷ್ಟು ಕಷ್ಟವಿಲ್ಲ. 2015ರಲ್ಲಿ ಯುಕಿಪ್‌ಗೆ ದೇಶದಾದ್ಯಂತ ಶೇ 12.6 ಮತ ಬಂದು ಸಿಕ್ಕಿದ್ದು ಒಂದೇ ಸೀಟು. ಸೀಟಿನ ಲೆಕ್ಕದಲ್ಲಿ ಅದು ಸೋತ ಪಕ್ಷ. ಹಳೆಯ ಗಂಟು ಬಿಚ್ಚಿದ ಲೆಕ್ಕದಲ್ಲಿ, ನನ್ನ ಪ್ರಕಾರ, ಆ ದಶಕದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಮಾಡಿದ ಪಕ್ಷ ಬ್ರಿಟನ್ನಿನಲ್ಲಿ ಇಲ್ಲ.

ಅಭ್ಯಾಸ ಎಷ್ಟು ಗಟ್ಟಿ ಅನ್ನುವುದಕ್ಕೆ ಅಮೆರಿಕದ ಕೆಂಟಕಿ ರಾಜ್ಯದ ಎಲಿಯಟ್ ಕೌಂಟಿ ನೋಡಬೇಕು. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. 1869ರಲ್ಲಿ ಹುಟ್ಟಿದ ಈ ಪುಟ್ಟ ಕೌಂಟಿ 2012ರವರೆಗೆ ಪ್ರತಿಯೊಂದು ಅಧ್ಯಕ್ಷ ಚುನಾವಣೆಯಲ್ಲೂ ಡೆಮಾಕ್ರಾಟರ ಪರ ನಿಂತಿತ್ತು. 2016ರಲ್ಲಿ ಟ್ರಂಪ್‌ಗೆ ಅಲ್ಲಿ ಸುಮಾರು ಶೇ 70 ಮತ ಬಂತು. ಅಲ್ಲಿ ಮತದಾರರು ಹೆಸರು ನೋಂದಾಯಿಸುವಾಗಲೇ ತಮ್ಮ ಪಕ್ಷ ಯಾವುದು ಅಂತ ಬರೆಸಬಹುದು. ತಮಾಷೆಯೆಂದರೆ, ಆ ಪಟ್ಟಿಯಲ್ಲಿ ಆಗಲೂ ಬಹುಪಾಲು ಮಂದಿ ಡೆಮಾಕ್ರಾಟರೇ. ಹೆಸರು ಹಳೆಯ ಮನೆಯಲ್ಲಿ, ಮನಸ್ಸು ಹೊಸ ಮನೆಯಲ್ಲಿ.

ಇಷ್ಟು ಹಳೆಯ ನಂಟು ಕಟ್ಟಿಕೊಂಡದ್ದಾದರೂ ಹೇಗೆ? 1967ರಲ್ಲಿ ಲಿಪ್ಸೆಟ್ ಮತ್ತು ರೊಕ್ಕಾನ್ ಎಂಬ ಇಬ್ಬರು ವಿದ್ವಾಂಸರು ಒಂದು ಮಾತು ಹೇಳಿದರು. 1960ರ ದಶಕದ ಪಶ್ಚಿಮ ಯುರೋಪಿನ ಪಕ್ಷಗಳ ಸಾಲು ನೋಡಿದರೆ, ಕೆಲವು ಅಪವಾದ ಬಿಟ್ಟು, 1920ರ ದಶಕದ ಸಮಾಜದ ಬಿರುಕುಗಳೇ ಕಾಣುತ್ತವೆ ಅಂತ. ಮಾಲೀಕ ಮತ್ತು ಕೆಲಸಗಾರ, ಚರ್ಚು ಮತ್ತು ಸರ್ಕಾರ, ಹಳ್ಳಿ ಮತ್ತು ನಗರ, ರಾಜಧಾನಿ ಮತ್ತು ಗಡಿನಾಡು. ಪಕ್ಷ ಅಂದರೆ ಬರೀ ಮತ ಕೂಡಿಸುವ ಯಂತ್ರ ಆಗಿರಲಿಲ್ಲ. ಕಾರ್ಮಿಕ ಸಂಘ, ಚರ್ಚಿನ ಕೂಟ, ಸಹಕಾರ ಸಂಘ, ಫುಟ್‌ಬಾಲ್ ಕ್ಲಬ್ಬು ಎಲ್ಲ ಅದರ ಸುತ್ತಲೇ ಇದ್ದವು. ಗಣಿ ಮುಚ್ಚಿತು, ಸಂಘ ಖಾಲಿಯಾಯಿತು, ಚರ್ಚಿಗೆ ಹೋಗುವವರು ಕಡಿಮೆಯಾದರು. ಆಮೇಲೂ ಮತ ಮಾತ್ರ ಒಂದು ತಲೆಮಾರಿನಷ್ಟು ಕಾಲ ಹಳೆಯ ದಾರಿಯಲ್ಲೇ ಹರಿಯಿತು. ಬುಡ ಒಣಗಿದ ಮರಕ್ಕೂ ಸ್ವಲ್ಪ ದಿನ ಎಲೆ ಇರುತ್ತದಲ್ಲ, ಹಾಗೆ. ಪಾಪ್ಯುಲಿಸಂ ಮರ ಕಡಿಯಿತು ಅನ್ನುವವರ ಜೊತೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅದು ಬೀಸಿದ ಗಾಳಿ, ಅಷ್ಟೇ.

ಹಳೆಯ ರಾಜಕೀಯದ ದೊಡ್ಡ ಪ್ರಶ್ನೆ ಜೇಬಿನದು. ತೆರಿಗೆ ಯಾರ ಜೇಬಿಂದ, ಸವಲತ್ತು ಯಾರ ಜೇಬಿಗೆ? ಅದರ ಮೇಲೆ ಎಡ, ಬಲ ಅಂತ ಒಂದೇ ಗೆರೆ ಎಳೆದರೆ ಸಾಕಾಗುತ್ತಿತ್ತು. ಈಗ ಅದಕ್ಕೆ ಅಡ್ಡಲಾಗಿ ಇನ್ನೊಂದು ಗೆರೆ ಬಂದಿದೆ: ‘ನಾವು’ ಅಂದರೆ ಯಾರು? ವಲಸೆ, ಗಡಿ, ರಾಷ್ಟ್ರ, ಧರ್ಮ, ದೂರದ ರಾಜಧಾನಿಯ ಓದಿದವರ ಮೇಲಿನ ಸಿಟ್ಟು, ಎಲ್ಲ ಈ ಗೆರೆಯ ಮೇಲೆ. ಎರಡು ಗೆರೆ ಇದ್ದರೆ ಹಾಳೆಯಲ್ಲಿ ನಾಲ್ಕು ಮೂಲೆ. ಪಿಂಚಣಿ ಬೇಕು, ಆಸ್ಪತ್ರೆ ಬೇಕು, ಆದರೆ ವಲಸೆ ಬೇಡ ಅನ್ನುವವರ ಮೂಲೆಯಲ್ಲಿ ಜನ ಬೇಕಾದಷ್ಟು ಇದ್ದರು. ಬಹಳ ಕಾಲ ಅಲ್ಲಿ ದೊಡ್ಡ ಪಕ್ಷ ಇರಲಿಲ್ಲ. ಫ್ರಾನ್ಸಿನಲ್ಲಿ ಬಲಪಂಥದ ಪಾಪ್ಯುಲಿಸ್ಟ್ ಪಕ್ಷ ನಡೆಸಿದ ಲೆ ಪೆನ್ ಮನೆತನವನ್ನೇ ನೋಡಿ. ಅಪ್ಪ 1980ರ ದಶಕದಲ್ಲಿ ಆದಾಯ ತೆರಿಗೆಯನ್ನೇ ತೆಗೆದುಹಾಕೋಣ ಅನ್ನುತ್ತಿದ್ದರು. ಮಗಳು ನಿವೃತ್ತಿ ವಯಸ್ಸು ಏರಿಸುವುದನ್ನು ವಿರೋಧಿಸಿದರು. ಪಕ್ಷ ಆ ಖಾಲಿ ಮೂಲೆಗೆ ನಡೆದುಕೊಂಡು ಹೋಯಿತು. 2002ರ ಅಧ್ಯಕ್ಷ ಚುನಾವಣೆಯ ಎರಡನೇ ಸುತ್ತಿನಲ್ಲಿ ಅಪ್ಪನಿಗೆ ಶೇ 17.8. 2022ರಲ್ಲಿ ಮಗಳಿಗೆ ಶೇ 41.5. ಅದೇ 2022ರಲ್ಲಿ, ಹತ್ತೇ ವರ್ಷದ ಹಿಂದೆ ಅಧ್ಯಕ್ಷಗಿರಿ ಗೆದ್ದಿದ್ದ ಸಮಾಜವಾದಿ ಪಕ್ಷದ ಅಭ್ಯರ್ಥಿಗೆ ಮೊದಲ ಸುತ್ತಿನಲ್ಲಿ ಸಿಕ್ಕಿದ್ದು ಶೇ 1.75.

ಓದಿನ ಗೆರೆಯೂ ತಿರುವು ಮುರುವಾಗಿದೆ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಅಮೆರಿಕದಲ್ಲಿ ಕಾಲೇಜು ಓದಿದವರು ರಿಪಬ್ಲಿಕನ್ನರ ಕಡೆ ಜಾಸ್ತಿ ಇದ್ದರು. ಈಗ ಡೆಮಾಕ್ರಾಟರ ಕಡೆ. ಕ್ಯಾಲಿಫೋರ್ನಿಯಾದ ಶ್ರೀಮಂತ ಆರೆಂಜ್ ಕೌಂಟಿ 1936ರ ನಂತರ ಮೊದಲ ಸಲ ಡೆಮಾಕ್ರಾಟರಿಗೆ ಒಲಿದದ್ದು, ಎಲಿಯಟ್ ಕೌಂಟಿ ಕೈಬಿಟ್ಟ ಅದೇ 2016ರಲ್ಲಿ. ಒಂದು ಬಾಗಿಲಲ್ಲಿ ಹೋದವರ ಲೆಕ್ಕ ಎಲ್ಲರೂ ಇಟ್ಟರು. ಇನ್ನೊಂದು ಬಾಗಿಲಲ್ಲಿ ಬಂದವರ ಲೆಕ್ಕ ಕಡಿಮೆ ಮಂದಿ ಇಟ್ಟರು. ಬಂದವರ ಬೇಡಿಕೆ ಬೇರೆ. ಹಾಗಾಗಿ ಪಕ್ಷದ ದನಿಯೂ ಬದಲಾಗುತ್ತದೆ. ಆ ದನಿ ಕೇಳಿ ಇನ್ನಷ್ಟು ಹಳಬರು ಹೊರಡುತ್ತಾರೆ.

ಇದು ಬಿಳಿಯ ಕಾರ್ಮಿಕರ ಕತೆ ಮಾತ್ರ ಅಂದುಕೊಂಡಿದ್ದವರಿಗೆ ಟೆಕ್ಸಸ್ಸಿನ ಸ್ಟಾರ್ ಕೌಂಟಿ ಪೆಟ್ಟು ಕೊಟ್ಟಿತು. ಮೆಕ್ಸಿಕೋ ಗಡಿಗೆ ತಾಗಿದ ಈ ಕೌಂಟಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಿಸ್ಪಾನಿಕ್ ಮೂಲದವರು. 2016ರಲ್ಲಿ ಹಿಲರಿ ಕ್ಲಿಂಟನ್ ಅಲ್ಲಿ ಸುಮಾರು 60 ಪಾಯಿಂಟ್ ಮುಂದಿದ್ದರು. 2020ರಲ್ಲಿ ಬೈಡನ್ ಬರೀ 5 ಪಾಯಿಂಟ್ ಮುಂದೆ. 2024ರಲ್ಲಿ ಟ್ರಂಪ್ 16 ಪಾಯಿಂಟ್ ಮುಂದೆ. ಗಡಿ ಮುಚ್ಚುತ್ತೇನೆ ಅಂದವರಿಗೆ ಗಡಿಯ ಹಿಸ್ಪಾನಿಕ್ ಕೌಂಟಿ ಮತ ಹಾಕಿತು ಅಂತ ದೂರದಲ್ಲಿದ್ದವರಿಗೆ ಅಚ್ಚರಿ. ‘ನಾವು’ ಯಾರು ಅನ್ನುವ ಪ್ರಶ್ನೆಗೆ ಉತ್ತರವನ್ನು ಚರ್ಮದ ಬಣ್ಣದಿಂದ ಮೊದಲೇ ಬರೆದಿಟ್ಟುಕೊಂಡವರು ಅವರು.

ಸ್ಟಾರ್ ಕೌಂಟಿ ಅದಕ್ಕೂ ಮೊದಲು ರಿಪಬ್ಲಿಕನ್ನರ ಪರ ನಿಂತಿದ್ದು 1892ರಲ್ಲಿ. ಆ ವರ್ಷಕ್ಕೆ ಬೇರೊಂದು ಮಹತ್ವವೂ ಇದೆ. ಅಮೆರಿಕದ ರೈತರು ಕಟ್ಟಿದ ಪೀಪಲ್ಸ್ ಪಾರ್ಟಿ ಮೊದಲ ಸಲ ಅಧ್ಯಕ್ಷ ಚುನಾವಣೆಗೆ ಇಳಿದದ್ದು ಆಗ. ‘ಪಾಪ್ಯುಲಿಸ್ಟ್’ ಅನ್ನುವ ಪದ ಬಂದಿದ್ದೇ ಅವರನ್ನು ಕರೆಯಲು. ಆ ಸಲ 22 ಎಲೆಕ್ಟೊರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿದ ಮತ) ಗೆದ್ದರು. 1896ರಲ್ಲಿ ಡೆಮಾಕ್ರಾಟರ ಅಭ್ಯರ್ಥಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರನ್ನೇ ತಮ್ಮ ಅಭ್ಯರ್ಥಿ ಅಂತ ಒಪ್ಪಿಕೊಂಡರು. ಅಲ್ಲಿಂದ ಪಕ್ಷ ಕರಗಿಹೋಯಿತು. ಆದರೆ ಅವರು ಕೇಳಿದ್ದ ಆದಾಯ ತೆರಿಗೆಗೂ ಸೆನೆಟರ್‌ಗಳ ನೇರ ಚುನಾವಣೆಗೂ 1913ರಲ್ಲಿ ಸಂವಿಧಾನ ತಿದ್ದುಪಡಿಯಾಯಿತು. ಬ್ರಯನ್ ಕಾಲದ ಹೊಸ ಜೋಡಣೆ ಎರಡು ಹಳೆಯ ಪಕ್ಷಗಳ ಒಳಗೇ ಉಳಿಯಿತು. ಅಮೆರಿಕದಂಥ ಎರಡೇ ಪಕ್ಷದ ವ್ಯವಸ್ಥೆಯಲ್ಲಿ ಪಾಪ್ಯುಲಿಸಂ ಹೊಸ ಮನೆ ಕಟ್ಟುವುದಿಲ್ಲ, ಇದ್ದ ಮನೆಗೆ ನುಗ್ಗುತ್ತದೆ. ಟ್ರಂಪ್ ಮಾಡಿದ್ದೂ ಅದೇ.

ಹಲವು ಪಕ್ಷಗಳ ದೇಶಗಳಲ್ಲಿ ಆಟ ಬೇರೆ. ಅಲ್ಲಿ ಮತ ಎಣಿಸಿದ ಮೇಲೆ ಇನ್ನೊಂದು ಎಣಿಕೆ ಶುರುವಾಗುತ್ತದೆ.

ಗ್ರೀಸ್‌ನಲ್ಲಿ ಸಮಾಜವಾದಿ ಪಾಸೋಕ್ ಪಕ್ಷಕ್ಕೆ 2009ರಲ್ಲಿ ಶೇ 43.9 ಮತ ಇತ್ತು. 2015ರ ಜನವರಿಯಲ್ಲಿ ಶೇ 4.7. ಸಾಲದ ಬಿಕ್ಕಟ್ಟಿನಲ್ಲಿ ಅದು ತನ್ನ ಹಳೆಯ ವೈರಿ, ಬಲದ ನ್ಯೂ ಡೆಮಾಕ್ರಸಿ ಜೊತೆಯೇ ಸರ್ಕಾರ ಹಂಚಿಕೊಳ್ಳಬೇಕಾಯಿತು. ‘ಇಬ್ಬರೂ ಒಂದೇ’ ಅನ್ನುವ ಪಾಪ್ಯುಲಿಸ್ಟ್ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಎಡಪಂಥದ ಸಿರಿಜಾ 300ರಲ್ಲಿ 149 ಸೀಟು ಗೆದ್ದಿತು. ಬಹುಮತಕ್ಕೆ ಎರಡು ಕಡಿಮೆ. ಮರುದಿನವೇ ಜೊತೆ ಸಿಕ್ಕಿತು. ಯಾರು? ಬಲಪಂಥದ ರಾಷ್ಟ್ರವಾದಿ ಪಕ್ಷವಾದ ಅನೆಲ್, 13 ಸೀಟು. ಜೇಬಿನ ಗೆರೆಯಲ್ಲೂ ಗುರುತಿನ ಗೆರೆಯಲ್ಲೂ ಅವರು ಅಕ್ಕಪಕ್ಕ ಇಲ್ಲ. ಹೊರಗಿನವರ ಸಾಲದ ಷರತ್ತಿಗೆ ‘ಇಲ್ಲ’ ಅನ್ನುವುದೊಂದೇ ಇಬ್ಬರನ್ನೂ ಕಟ್ಟಿತು. ಅಂಟು ಅಂದೆನಲ್ಲ, ಅದು ಇದೇ.

ಇಟಲಿಯದ್ದು ನಾನು ಹೊಸಬರಿಗೆ ಪಾಠ ಹೇಳುವಾಗ ತಪ್ಪದೆ ತೆಗೆಯುವ ಉದಾಹರಣೆ. ಮೆಲೋನಿಯವರ ಬ್ರದರ್ಸ್ ಆಫ್ ಇಟಲಿ ಪಕ್ಷಕ್ಕೆ 2018ರಲ್ಲಿ ಶೇ 4.4, 2022ರಲ್ಲಿ ಶೇ 26. ‘ಬಲಪಂಥದ ಬಿರುಗಾಳಿ’ ಅಂತ ಎಲ್ಲ ಕಡೆ ಸುದ್ದಿ. ಈಗ ಅವರ ಮೈತ್ರಿಯ ಒಟ್ಟು ಮತ ಎಷ್ಟು ನೋಡಿ. ಎರಡೂ ಸಲ 1 ಕೋಟಿ 20 ಲಕ್ಷದ ಆಸುಪಾಸು. ಹೆಚ್ಚಳ ಒಂದೆರಡು ಲಕ್ಷದಷ್ಟು! ಅದೇ ಮೈತ್ರಿಯ ಲೀಗ್ ಶೇ 17.4ರಿಂದ ಶೇ 8.8ಕ್ಕೆ, ಬೆರ್ಲುಸ್ಕೋನಿ ಪಕ್ಷ ಶೇ 14ರಿಂದ ಶೇ 8.1ಕ್ಕೆ ಇಳಿದಿದ್ದವು. ಅಂದರೆ ಜನ ಬಹುಪಾಲು ಮನೆ ಬದಲಿಸಲಿಲ್ಲ, ಅದೇ ಮನೆಯಲ್ಲಿ ಕೋಣೆ ಬದಲಿಸಿದರು. ಹಾಗಾದರೆ ಗೆದ್ದದ್ದು ಹೇಗೆ? ಮತದಾನ ಶೇ 73ರಿಂದ ಶೇ 64ಕ್ಕೆ ಕುಸಿದಿತ್ತು. ಎದುರಾಳಿಗಳು ಮೂರು ತುಂಡಾಗಿ ನಿಂತಿದ್ದರು. ಒಂದು ಕ್ಷೇತ್ರಕ್ಕೆ ಒಬ್ಬರೇ ಗೆಲ್ಲುವ ಸೀಟುಗಳು ಅಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಇವೆ. ಅಲ್ಲಿ ಒಗ್ಗಟ್ಟಾಗಿ ನಿಂತವರಿಗೇ ಲಾಭ.

ಕೋಣೆ ಬದಲಿಸಿದ್ದಕ್ಕೂ ಕಾರಣ ಇದೆ. 2018ರಲ್ಲಿ ಫೈವ್ ಸ್ಟಾರ್ ಮತ್ತು ಲೀಗ್, ಎರಡು ಬೇರೆ ಬೇರೆ ತಳಿಯ ಪಾಪ್ಯುಲಿಸ್ಟರು, ಒಪ್ಪಂದ ಬರೆದುಕೊಂಡು ಸರ್ಕಾರ ಮಾಡಿದರು. ಮರುವರ್ಷ ಅದು ಬಿತ್ತು. ಫೈವ್ ಸ್ಟಾರ್ ಎಡದವರ ಜೊತೆ ಹೋಯಿತು. 2021ರಲ್ಲಿ ಪ್ರಧಾನಿ ಡ್ರಾಗಿ ಅವರ ಸರ್ಕಾರಕ್ಕೆ ಹೆಚ್ಚುಕಡಿಮೆ ಎಲ್ಲರೂ ಸೇರಿದರು. ಸೇರದ ದೊಡ್ಡ ಪಕ್ಷ ಒಂದೇ, ಮೆಲೋನಿಯವರದು. ‘ನಾವು ಅವರಂತಲ್ಲ’ ಅಂತ ಹೇಳಿಕೊಳ್ಳುವ ಹಕ್ಕು ಕೊನೆಗೆ ಉಳಿದದ್ದು ಅವರೊಬ್ಬರಿಗೆ.

ಹೊಸ ಪಕ್ಷ ಸದನಕ್ಕೆ ಬಂದಾಗ ಹಳೆಯ ಪಕ್ಷಗಳು ಮಾಡುವುದು ಮೂರರಲ್ಲಿ ಒಂದು. ಬೇಲಿ ಹಾಕುವುದು, ಒಳಗೆ ಕರೆಯುವುದು, ಇಲ್ಲವೇ ಹೊರಗಿನಿಂದ ಬೆಂಬಲ ಪಡೆಯುವುದು. ಕೊನೆಯದನ್ನು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ ಬಿಡಿ.

ಬೇಲಿಯ ಬೆಲೆ ನೋಡಬೇಕಾದರೆ ಜರ್ಮನಿ. 2025ರ ಫೆಬ್ರುವರಿಯಲ್ಲಿ ಬಲಪಂಥದ ಪಾಪ್ಯುಲಿಸ್ಟ್ ಪಕ್ಷ ಎಎಫ್‌ಡಿ ಶೇ 20.8 ಮತ ಪಡೆದು 630ರಲ್ಲಿ 152 ಸೀಟು ಗೆದ್ದಿತು. ಹಿಂದೆ ಮತ ಹಾಕದಿದ್ದವರನ್ನು ಅತಿ ಹೆಚ್ಚು ಸೆಳೆದದ್ದೂ ಅದೇ. ಉಳಿದವರು ಅದರ ಜೊತೆ ಕೂರುವುದಿಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದಾರೆ. ಹಾಗಾದರೆ ಲೆಕ್ಕ ಹಾಕಬೇಕಾದ್ದು 478 ಸೀಟಿನಲ್ಲಿ, ಬೇಕಾದ್ದು ಮಾತ್ರ 316. ಕ್ರೈಸ್ತ ಪ್ರಜಾಸತ್ತಾತ್ಮಕರು 208, ಸೋಷಿಯಲ್ ಡೆಮಾಕ್ರಾಟರು 120, ಒಟ್ಟು 328. ಇವರಿಬ್ಬರದ್ದೂ ಸೇರಿ 1976ರಲ್ಲಿ ಶೇ 91 ಮತ ಇತ್ತು. ಈಗ ಶೇ 45. ‘ಮಹಾ ಮೈತ್ರಿ’ ಅನ್ನುವುದು ಹೆಸರಿಗಷ್ಟೇ. ವಾಗೆನ್‌ಕ್ನೆಕ್ಟ್ ಅವರ ಹೊಸ ಪಕ್ಷ ಶೇ 4.98 ಪಡೆದು, ಸೀಟು ಸಿಗಲು ಬೇಕಾದ ಶೇ 5ರ ಗಡಿಯನ್ನು ಕೂದಲೆಳೆಯಲ್ಲಿ ಮುಟ್ಟದೆ ಹೋಯಿತು. ಅದು ದಾಟಿದ್ದರೆ ಈ ಇಬ್ಬರಿಗೂ ಬಹುಮತ ಇರುತ್ತಿರಲಿಲ್ಲ.

ಮೇ 6ರಂದು ಕ್ರೈಸ್ತ ಪ್ರಜಾಸತ್ತಾತ್ಮಕರ ನಾಯಕ ಮೆರ್ಜ್ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆಗಲು ಸದನದಲ್ಲಿ ಮತಕ್ಕೆ ನಿಂತರು. ಕಾಗದದ ಮೇಲೆ 328. ಗುಪ್ತ ಮತ ಎಣಿಸಿದಾಗ 310. ಯುದ್ಧಾನಂತರದ ಜರ್ಮನಿಯಲ್ಲಿ ಮೈತ್ರಿ ಮಾಡಿಕೊಂಡು ಬಂದ ಚಾನ್ಸಲರ್ ಅಭ್ಯರ್ಥಿ ಮೊದಲ ಸುತ್ತಿನಲ್ಲಿ ಸೋತದ್ದು ಅದೇ ಮೊದಲು. ಅದೇ ದಿನ ಎರಡನೇ ಸುತ್ತಿನಲ್ಲಿ 325 ಬಂದು ಬಚಾವಾದರು. ಬೇಲಿ ಹಾಕಿದರೆ ಒಳಗಿರುವವರು ಒತ್ತೊತ್ತಾಗಿ ಕೂರಬೇಕು. ಒತ್ತೊತ್ತಾಗಿ ಕೂತವರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣದಿದ್ದರೆ ಬೇರೆಯದು ಬೇಕು ಅನ್ನುವವರಿಗೆ ಉಳಿಯುವುದು ಬೇಲಿಯ ಆಚೆಯವರು. ಹಾಗಂತ ಬೇಲಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಅವರದೇ ಚರಿತ್ರೆಯ ಕಾರಣ ಇದೆ.

ಒಳಗೆ ಕರೆದರೆ? ಆಸ್ಟ್ರಿಯಾದಲ್ಲಿ 2000ದಲ್ಲಿ ಹೈಡರ್ ಅವರ ಪಾಪ್ಯುಲಿಸ್ಟ್ ಫ್ರೀಡಂ ಪಾರ್ಟಿಯನ್ನು ಸರ್ಕಾರಕ್ಕೆ ಕರೆದರು. ಶೇ 26.9ರಿಂದ ಎರಡೇ ವರ್ಷದಲ್ಲಿ ಶೇ 10ಕ್ಕೆ ಇಳಿಯಿತು. ಕರೆದ ಬಲಪಕ್ಷ ಶೇ 42ಕ್ಕೆ ಏರಿತು. ಆಗ ಅನೇಕರು ಔಷಧ ಸಿಕ್ಕಿತು ಅಂದರು. 2024ರಲ್ಲಿ ಅದೇ ಫ್ರೀಡಂ ಪಾರ್ಟಿ ಶೇ 28.8 ಪಡೆದು ದೇಶದ ಮೊದಲ ಪಕ್ಷವಾಯಿತು. ಅದನ್ನು ಹೊರಗಿಡಲು ಈಗ ಮೂರು ಪಕ್ಷ ಸೇರಬೇಕಾಗಿ ಬಂದಿದೆ. ನೆದರ್ಲೆಂಡ್ಸ್‌ನಲ್ಲಿ ವಲಸೆ ವಿರೋಧಿ ವಿಲ್ಡರ್ಸ್ ಅವರ ಪಕ್ಷವನ್ನು 2024ರಲ್ಲಿ ಸೇರಿಸಿಕೊಂಡ ಸರ್ಕಾರ ಒಂದು ವರ್ಷವೂ ತುಂಬಿಸಲಿಲ್ಲ. ಮುಂದಿನ ಚುನಾವಣೆಯಲ್ಲಿ ಜೊತೆಗಿದ್ದ ಒಂದು ಪಕ್ಷ 20 ಸೀಟಿನಿಂದ ಸೊನ್ನೆಗೆ ಬಂತು.

ಡೆನ್ಮಾರ್ಕ್‌ನದ್ದು ಹೊರಗಿನ ಬೆಂಬಲದ ದಾರಿ. ಡ್ಯಾನಿಶ್ ಪೀಪಲ್ಸ್ ಪಾರ್ಟಿ 2001ರಿಂದ 2011ರವರೆಗೆ ಸರ್ಕಾರಕ್ಕೆ ಹೊರಗಿನಿಂದ ಆಸರೆ ಕೊಟ್ಟು, ವಲಸೆ ಕಾನೂನು ಬಿಗಿ ಮಾಡಿಸಿಕೊಂಡಿತು. ಜವಾಬ್ದಾರಿ ಇಲ್ಲ, ಅಧಿಕಾರ ಇದೆ. ಆಮೇಲೆ ಸೋಷಿಯಲ್ ಡೆಮಾಕ್ರಾಟರೇ ಆ ಬಿಗಿ ನೀತಿಯನ್ನು ತಮ್ಮದು ಮಾಡಿಕೊಂಡರು. ಪೀಪಲ್ಸ್ ಪಾರ್ಟಿ 2015ರ ಶೇ 21ರಿಂದ 2022ರಲ್ಲಿ ಶೇ 2.6ಕ್ಕೆ ಬಂತು. ಇದನ್ನು ಎಡಪಕ್ಷಗಳಿಗೆ ಮಾದರಿ ಅಂತ ತೋರಿಸುವವರು ಬಹಳ. ಅವರು ಆ ಸಲದ ಮತಪಟ್ಟಿಯ ಉಳಿದ ಸಾಲುಗಳನ್ನೂ ಓದಬೇಕು. ವಲಸೆ ವಿಷಯದಲ್ಲಿ ಅದೇ ಮಾತಾಡುವ ಇನ್ನೆರಡು ಪಕ್ಷ ಅಲ್ಲಿವೆ: ಆಗಷ್ಟೇ ಹುಟ್ಟಿದ್ದ ಡೆನ್ಮಾರ್ಕ್ ಡೆಮಾಕ್ರಾಟ್ಸ್‌ಗೆ ಶೇ 8.1, ನ್ಯೂ ರೈಟ್‌ಗೆ ಶೇ 3.7. ಅಂಗಡಿಯ ಬೋರ್ಡು ಬದಲಾಗಿತ್ತು, ಗಿರಾಕಿಗಳಲ್ಲಿ ಹಲವರು ಅವರೇ.

ಪಾಪ್ಯುಲಿಸ್ಟರು ಅಧಿಕಾರದಲ್ಲಿ ಗಟ್ಟಿಯಾಗಿ ಕೂತ ಮೇಲೆ ಮೈತ್ರಿಯ ಸರದಿ ವಿರೋಧಿಗಳದ್ದು. ಇಲ್ಲಿ ಅಂಕಗಣಿತ ಮೋಸ ಮಾಡುವಷ್ಟು ಇನ್ನೆಲ್ಲೂ ಮಾಡುವುದಿಲ್ಲ. ಹಂಗೇರಿಯಲ್ಲಿ 2022ರಲ್ಲಿ, ಆಗ ಆಳುತ್ತಿದ್ದ ಓರ್ಬಾನ್ ಅವರ ಎದುರು ಆರು ಪಕ್ಷ ಒಂದಾದವು. ಒಂದು ಕಾಲದ ಕಟ್ಟಾ ಬಲಪಂಥದ ಯೊಬ್ಬಿಕ್‌ನಿಂದ ಸಮಾಜವಾದಿಗಳವರೆಗೆ. ಹಿಂದಿನ ಸಲ ಇವರೆಲ್ಲರ ಮತ ಕೂಡಿದರೆ ಶೇ 46ರಷ್ಟಿತ್ತು. ಒಂದಾಗಿ ನಿಂತಾಗ ಬಂದದ್ದು ಶೇ 34. ಯೊಬ್ಬಿಕ್‌ಗೆ ಹಾಕುತ್ತಿದ್ದವನಿಗೆ ಪಕ್ಕದಲ್ಲಿ ಸಮಾಜವಾದಿ ಕಂಡರೆ ಅವನು ತನ್ನ ದಾರಿ ನೋಡಿಕೊಳ್ಳುತ್ತಾನೆ. ಮೆಕ್ಸಿಕೋದಲ್ಲಿ ಇನ್ನೂ ವಿಚಿತ್ರ. 71 ವರ್ಷ ದೇಶ ಆಳಿದ ಪಿಆರ್‌ಐ, ಅದನ್ನು 2000ದಲ್ಲಿ ಇಳಿಸಿದ ಪಾನ್, ಎಡದ ಪಿಆರ್‌ಡಿ, ಮೂರೂ ಆಳುತ್ತಿದ್ದ ಪಾಪ್ಯುಲಿಸ್ಟ್ ಮೊರೆನಾ ಪಕ್ಷದ ಎದುರು ಒಂದೇ ವೇದಿಕೆ ಹತ್ತಿದವು. 2024ರಲ್ಲಿ ಮೊರೆನಾದ ಶೇನ್‌ಬೌಮ್ ಅವರು ಇವರ ಜಂಟಿ ಅಭ್ಯರ್ಥಿಯ ಎರಡರಷ್ಟಕ್ಕಿಂತ ಜಾಸ್ತಿ ಮತ ಪಡೆದರು. ಪಿಆರ್‌ಡಿ ತನ್ನ ರಾಷ್ಟ್ರೀಯ ಮಾನ್ಯತೆಯನ್ನೇ ಕಳೆದುಕೊಂಡಿತು. ‘ಇವರೆಲ್ಲ ಒಂದೇ’ ಅಂತ ಆರು ವರ್ಷ ಭಾಷಣ ಮಾಡಿದವರ ಮಾತಿಗೆ ಇವರೇ ಫೋಟೋ ತೆಗೆಸಿಕೊಂಡು ಕೊಟ್ಟ ಹಾಗಾಯಿತು.

ಪೋಲೆಂಡ್ ಇನ್ನೊಂದು ದಾರಿ ಹಿಡಿಯಿತು. 2023ರ ಅಕ್ಟೋಬರ್ 15ರಂದು ಅಲ್ಲಿನ ವಿರೋಧಿಗಳು ಮೂರು ಬೇರೆ ಪಟ್ಟಿಗಳಲ್ಲಿ ನಿಂತರು. ಮತದಾರನಿಗೆ ತನ್ನ ಕೋಣೆ ಉಳಿಯಿತು. ಆಳುತ್ತಿದ್ದ ಲಾ ಅಂಡ್ ಜಸ್ಟಿಸ್ ಶೇ 35.4 ಪಡೆದು ಮೊದಲ ಸ್ಥಾನದಲ್ಲೇ ಇತ್ತು. ಆದರೆ ಜೊತೆಗೆ ಬರುವವರು ಇರಲಿಲ್ಲ. ಮೂರು ಪಟ್ಟಿ ಸೇರಿ 460ರಲ್ಲಿ 248 ಆಯಿತು. ಮತದಾನ ಶೇ 74.4, ಕಮ್ಯುನಿಸಂ ಬಿದ್ದ ಮೇಲೆ ಅಷ್ಟು ಮಂದಿ ಯಾವತ್ತೂ ಬಂದಿರಲಿಲ್ಲ. ವ್ರೊತ್ಸ್ವಾಫ್ ನಗರದ ಯಾಗೊದ್ನೊ ಬಡಾವಣೆಯಲ್ಲಿ ರಾತ್ರಿ ಒಂಬತ್ತಕ್ಕೆ ಮುಗಿಯಬೇಕಿದ್ದ ಮತದಾನ ಬೆಳಗಿನ ಜಾವ ಮೂರರ ಹತ್ತಿರದವರೆಗೆ ನಡೆಯಿತು. ದೇಶದ ಫಲಿತಾಂಶದ ಅಂದಾಜು ಟಿವಿಯಲ್ಲಿ ಬಂದು ಗಂಟೆಗಟ್ಟಲೆ ಆಗಿತ್ತು. ಸಾಲಿನಲ್ಲಿದ್ದವರಿಗೆ ಅದು ಫೋನಿನಲ್ಲಿ ಕಾಣುತ್ತಿತ್ತು. ಆದರೂ ಚಳಿಯಲ್ಲಿ ನಿಂತೇ ಇದ್ದರು.

2025ರ ಜೂನ್ 1ರಂದು ಅದೇ ದೇಶದ ಅಧ್ಯಕ್ಷ ಚುನಾವಣೆಯಲ್ಲಿ ಲಾ ಅಂಡ್ ಜಸ್ಟಿಸ್ ಬೆಂಬಲಿಸಿದ ನವ್ರೊತ್ಸ್ಕಿ ಶೇ 50.89 ಪಡೆದು ಗೆದ್ದರು. ಆ ಫಲಿತಾಂಶ ಬಂದ ವಾರ ಕಿರಿಯ ಸಹೋದ್ಯೋಗಿಯೊಬ್ಬಳು ನನ್ನ ಮೇಜಿನ ಮೇಲೆ ಒಂದು ಚಿತ್ರ ಇಟ್ಟಳು. ಎರಡು ಚೌಕ, ನಡುವೆ ದಪ್ಪನೆಯ ಬಾಣ.

“ಚೆನ್ನಾಗಿದೆ. ಮನೆಯಲ್ಲಿ ಕೂತವರ ಚೌಕ ಎಲ್ಲಿ?” ಅಂದೆ.

“ಅಯ್ಯೋ, ಜಾಗ ಸಾಲಲಿಲ್ಲ ಸಾರ್,” ಅಂದಳು.